ಹಂಚಿನ ಮಾಡಿನ ಅಂಗಡಿಗೆ 12 ಅಡಿ ಬೋರ್ಡ್: ನಿಲ್ಲಿಸಿಕೊಟ್ಟವರಿಗೆ ಐದಕ್ಕೆ ನಾಲ್ಕು

ನಮ್ಮ ಅಂಗಡಿ ಇರುವುದು ಮಂಗಳೂರಿನ ಕಾರ್‌ಸ್ಟ್ರೀಟ್ ಕಡೆಯ ಹಳೇ ಕಟ್ಟಡದಲ್ಲಿ. ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಮುಂದಕ್ಕೆ ಚಾಚಿದ ಸೂರು. ಪ್ಯಾರಪೆಟ್ ಇಲ್ಲ, ಕಾಂಕ್ರೀಟ್ ಬೀಮೂ ಇಲ್ಲ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಹೇಗೂ ಬೋರ್ಡ್ ಬದಲಿಸಬೇಕಿತ್ತು, ಬದಲಿಸುವುದಾದರೆ ದೊಡ್ಡದೇ ಇರಲಿ ಅಂತ 12 ಅಡಿ ಉದ್ದ, 4 ಅಡಿ ಎತ್ತರದ, ಒಳಗೆ ಲೈಟ್ ಇರುವ ಎಸಿಪಿ (ಅಲ್ಯೂಮಿನಿಯಂ ಹಾಳೆಯ ಪ್ಯಾನೆಲ್) ಬೋರ್ಡ್ ಮಾಡಿಸಿದೆವು.

ಬೋರ್ಡ್ ಮಾಡಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದನ್ನು ಇಂಥ ಕಟ್ಟಡದಲ್ಲಿ ನಿಲ್ಲಿಸುವವರು ಸಿಗುವುದು ಕಷ್ಟ. ಒಬ್ಬರು ಮಾಡಿನ ಪಕ್ಕಾಸಿಗೆ, ಅಂದರೆ ಹಂಚು ಹೊರುವ ಮರದ ತೊಲೆಗೆ, ಕಂಬಿ ಬಿಗಿದು ನೇತುಹಾಕೋಣ ಅಂದರು. ಇನ್ನೊಬ್ಬರು ಗೋಡೆಗೆ ಆ್ಯಂಕರ್ ಬೋಲ್ಟ್ ಸಾಕು ಅಂದರು. ಕಾಂಕ್ರೀಟ್ ಆಗಿದ್ದರೆ ಸರಿ, ಆದರೆ ಆ ಬೋಲ್ಟ್ ತೂತಿನೊಳಗೆ ಅಗಲವಾಗಿ ಬಿಗಿ ಹಿಡಿಯುವಂಥದ್ದು, ಕೆಂಪುಕಲ್ಲು ಆ ಒತ್ತಡಕ್ಕೆ ಪುಡಿ ಉದುರುತ್ತದೆ ಅಲ್ವಾ?

ಕೊನೆಗೆ ಬೋರ್ಡ್ ನಿಲ್ಲಿಸಿಕೊಟ್ಟ ಇವರು ಬಂದವರು ಬೋರ್ಡ್ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆ ತಟ್ಟಿ ನೋಡಿದರು, ಜಗಲಿ ಅಳೆದರು, ಕರೆಂಟ್ ತಂತಿ ಎಷ್ಟು ದೂರ ಇದೆ ಅಂತ ಕೇಳಿದರು. ಆಮೇಲೆ ಗಾಳಿಯ ಲೆಕ್ಕ ಹಾಕಿದರು. ಕಟ್ಟಡಗಳ ಗಾಳಿ ಲೆಕ್ಕದ ಭಾರತೀಯ ಮಾನದಂಡ ಐಎಸ್ 875ರಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ವೇಗ ಹಿಡಿದಿದ್ದಾರೆ, ಅಂದರೆ ಗಂಟೆಗೆ 140 ಕಿ.ಮೀ. ಬೆಂಗಳೂರಿಗೆ ಇದು ಸೆಕೆಂಡಿಗೆ 33 ಮೀಟರ್. ಒರಟು ಲೆಕ್ಕದಲ್ಲಿ ನಮ್ಮ ಬೋರ್ಡಿನ ಮೇಲೆ 400 ಕೆಜಿಗಿಂತ ಜಾಸ್ತಿ ತಳ್ಳು ಬೀಳುತ್ತದೆ. ಬೋರ್ಡಿನ ತೂಕ 100 ಕೆಜಿಯೂ ಇಲ್ಲ! ಹಾಗಾಗಿ ತೂಕ ತಡೆಯುವುದು ದೊಡ್ಡ ವಿಷಯ ಅಲ್ಲ, ಗಾಳಿ ತಡೆಯುವುದೇ ಕೆಲಸ. 2024ರ ಮೇ ತಿಂಗಳಲ್ಲಿ ಮುಂಬೈನ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಬಿದ್ದು 17 ಜನ ಸತ್ತದ್ದೂ ಗಾಳಿ ಮಳೆಯಲ್ಲೇ. ಅದರ ಮುಂದೆ ನಮ್ಮದು ಪುಟ್ಟದು, ಆದರೂ ಕೆಳಗೆ ಜನ ನಡೆಯುತ್ತಾರೆ.

ಭಾರವನ್ನು ಗೋಡೆಗೂ ಮಾಡಿಗೂ ಹಾಕಲೇ ಇಲ್ಲ. ನಮ್ಮ ಜಗಲಿಯ ತುದಿಯಲ್ಲೇ ಎರಡು ಗುಂಡಿ ತೋಡಿ ಕಾಂಕ್ರೀಟ್ ತುಂಬಿ, ಸೂರಿನ ಮುಂದೆ ಎರಡು ಕಂಬ ನಿಲ್ಲಿಸಿದರು. ಕಂಬ ಓಲಾಡದಂತೆ ಸೂರಿನ ಕೆಳಗಿಂದ ಗೋಡೆಗೆ ತಾಂಗು (ಆಸರೆ) ಕೊಟ್ಟರು. ಅದಕ್ಕೆ ಗೋಡೆಯ ಈ ಕಡೆಯಿಂದ ಆ ಕಡೆಗೆ ರಾಡ್ ತೂರಿಸಿ, ಒಳಗೊಂದು ಹೊರಗೊಂದು ದಪ್ಪ ಪ್ಲೇಟ್ ಇಟ್ಟು ನಟ್ ಬಿಗಿದರು. ಎಳೆತ ಒಂದೇ ಕಲ್ಲಿಗೆ ಬೀಳದೆ ಪ್ಲೇಟಿನ ಅಗಲಕ್ಕೆ ಹಂಚಿಹೋಗುತ್ತದೆ. ಡ್ರಿಲ್ಲನ್ನು ಹ್ಯಾಮರ್‌ಗೆ ಹಾಕದೆ ಬರೀ ತಿರುಗಿಸಿಯೇ ಕೊರೆದರು, ತೂತನ್ನು ಹೊರಗಡೆಗೆ ಸ್ವಲ್ಪ ಇಳಿಜಾರು ಮಾಡಿದರು, ಮಳೆನೀರು ಒಳಗೆ ಬರಬಾರದು ಅಂತ. ಇದನ್ನು ನೋಡಿಯೇ ನನಗೆ ಇವರ ಮೇಲೆ ನಂಬಿಕೆ ಬಂತು. ಬೋರ್ಡ್ ಏರಿಸುವ ದಿನ ಏಣಿಯ ಸರ್ಕಸ್ ಇರಲಿಲ್ಲ. ಸ್ಕ್ಯಾಫೋಲ್ಡಿಂಗ್ ಕಟ್ಟಿ, ಬೆಲ್ಟ್ ಹಾಕಿ, ಕೆಳಗೆ ಹಗ್ಗ ಕಟ್ಟಿ ದಾರಿ ತಡೆದು ಕೆಲಸ ಮಾಡಿದರು. ಲೈಟಿಗೆ ಅರ್ಥಿಂಗೂ ಕೊಟ್ಟರು.

ಒಂದು ಅಂಕ ಯಾಕೆ ಕಡಿಮೆ? ಹೇಳಿದ ದಿನಕ್ಕೆ ಬರುವ ಅಭ್ಯಾಸ ಇವರಿಗಿಲ್ಲ, ಫೋನ್ ಮಾಡಿದರೆ "ನಾಳೆ ಬರ್ತೇವೆ ಮಾರಾಯ್ರೆ" ಅನ್ನುವುದೇ ಆಯಿತು. ವೆಲ್ಡಿಂಗ್ ಮಾಡಿದ ಜಾಗಕ್ಕೆ ರೆಡ್ ಆಕ್ಸೈಡ್ ಹೊಡೆದು ಹೋದವರು ಮೇಲಿನ ಪೇಂಟಿಗೆ ಬರಲೇ ಇಲ್ಲ, ಕಡಲ ಗಾಳಿಗೆ ತುಕ್ಕು ಶುರುವಾಗುವ ಮೊದಲು ನಾವೇ ಬೇರೆಯವರಿಂದ ಹೊಡೆಸಿದೆವು. ರೇಟೂ ಉಳಿದವರಿಗಿಂತ ಜಾಸ್ತಿ, ಆದರೆ ಕಬ್ಬಿಣ, ಕಾಂಕ್ರೀಟ್, ಕೂಲಿ ಎಲ್ಲ ಬಿಡಿಸಿ ಬಿಲ್ ಕೊಡುತ್ತಾರೆ, ಚೌಕಾಶಿಗೆ ಜಾಗ ಇದೆ.

ಸುಮ್ನೆ ಒಂದು ಫ್ಲೆಕ್ಸ್ ಕಟ್ಟಿಸುವವರಿಗೆ ಇವರು ದುಬಾರಿ. ಹಳೇ ಗೋಡೆ, ಶೀಟ್ ಮಾಡು, ಓರೆ ಮೂಲೆ ಇರುವವರು ಕರೆಸಿ. ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಹೇಳಿಡಿ, ಜೂನ್ ಹತ್ತಿರ ಬಂದರೆ ಇವರು ಸಿಗುವುದಿಲ್ಲ.