ಮನೆಗೆ ಬರುವ ಡಿಎನ್‌ಎ ಕಿಟ್: ಮುಂದಿನ ಪೀಳಿಗೆಯ ಬಗ್ಗೆ ಹೇಳುವುದೆಷ್ಟು?

ಕೊಡವರು ಅರೇಬಿಯಾದಿಂದ ಬಂದವರೇ, ಅಲೆಕ್ಸಾಂಡರನ ದಂಡಿನಿಂದ ಇಲ್ಲೇ ಉಳಿದ ಗ್ರೀಕರೇ ಎಂಬ ಚರ್ಚೆ ಕೊಡಗಿನಲ್ಲಿ ಹಳೆಯದು. ಎಂಜಲು ಕಳಿಸಿ ವಂಶಮೂಲ ತಿಳಿಯುವ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗತೊಡಗಿದ ಮೇಲೆ, ಆ ಪ್ರಶ್ನೆಗೆ ಉತ್ತರ ಸಿಕ್ಕೀತೆಂದು ತರಿಸುವವರಿದ್ದಾರೆ. ಈಗ ಇನ್ನೊಂದು ಭರವಸೆಯೂ ಸೇರಿಕೊಂಡಿದೆ: ನಿಮ್ಮ ಮಕ್ಕಳು ಎಷ್ಟು ಎತ್ತರ ಬೆಳೆದಾರು, ಯಾವುದರಲ್ಲಿ ಚುರುಕಾದಾರು, ಯಾವ ಕಾಯಿಲೆ ಬಂದೀತು. ಇಲ್ಲಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯ ಕಿಟ್ ಅಲ್ಲ. ಎಂಜಲಿನ ಕೊಳವೆ, ಜೀನ್ ಚಿಪ್, ಮೊಬೈಲಿಗೆ ಬರುವ ವರದಿ ಇಷ್ಟರ ಮೇಲೆ ನಿಂತ ಕಿಟ್‌ಗಳೆಲ್ಲ ಕೆಲಸ ಮಾಡುವ ರೀತಿ ಒಂದೇ. ಹಿಂದಿನದನ್ನು ಹೇಳುವುದಕ್ಕೆ ಐದರಲ್ಲಿ ಮೂರು ಅಂಕ ಕೊಡಬಹುದು. ಮುಂದಿನದಕ್ಕೆ ಒಂದೇ. ಹುಟ್ಟಲಿರುವ ಮಕ್ಕಳ ಚಿಂತೆ ಇರುವವರಿಗೆ ನಿಜಕ್ಕೂ ಕೆಲಸಕ್ಕೆ ಬರುವ ಟೆಸ್ಟ್ ಬೇರೆಯೇ ಇದೆ.

ಮೊದಲು ಮಾದರಿ ಕೊಡುವ ಕ್ರಮ. ಕಿಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕಾಫಿ ಕುಡಿಯಬಾರದು, ಬೀಡಿ ಸಿಗರೇಟು ಸೇದಬಾರದು. ಎಲೆ ಅಡಿಕೆ ಹಾಕುವವರು ಬಾಯಿ ಚೆನ್ನಾಗಿ ಮುಕ್ಕಳಿಸಿ ಆಮೇಲೆ ಅರ್ಧ ಗಂಟೆ ಕಾಯಬೇಕು, ಅಡಿಕೆಯ ಒಗರು ಪದಾರ್ಥ ಲ್ಯಾಬಿನಲ್ಲಿ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಹಂತಕ್ಕೆ ಅಡ್ಡಿಯಾಗುತ್ತದೆ. ಕೊಳವೆಯಲ್ಲಿ ಗೆರೆ ಮುಟ್ಟುವಷ್ಟು, ಸಾಮಾನ್ಯವಾಗಿ 2 ಮಿಲಿ, ಎಂಜಲು ಬೇಕು. ಗೆರೆ ಮುಟ್ಟಬೇಕಾದದ್ದು ನೀರಿನಂಥ ಎಂಜಲು, ಮೇಲಿನ ನೊರೆ ಲೆಕ್ಕಕ್ಕಿಲ್ಲ. ಕೊಳವೆಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ನೊರೆ ಇಳಿಸಿ ನೋಡಿದರೆ ಎಷ್ಟೋ ಸಲ ಅರ್ಧವೇ ತುಂಬಿರುತ್ತದೆ. ಹಾಗೇ ಕಳಿಸಿದರೆ ಡಿಎನ್‌ಎ ಸಾಲದು, ಇನ್ನೊಂದು ಮಾದರಿ ಕಳಿಸಿ ಎಂದು ವಾರಗಳ ನಂತರ ಸಂದೇಶ ಬರುತ್ತದೆ.

ವಯಸ್ಸಾದವರಿಗೆ, ಅದರಲ್ಲೂ ಬಾಯಿ ಒಣಗಿಸುವ ಮಾತ್ರೆ ನುಂಗುವವರಿಗೆ, 2 ಮಿಲಿ ಕೂಡಿಸುವುದು ಕಷ್ಟ. ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಉಜ್ಜಬೇಕು. ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು, ಬಾಯಲ್ಲಿ ನೀರೂರುತ್ತದೆ. ರುಚಿ ಮಾತ್ರ ನೋಡಬಾರದು. ತುಂಬಿದ ಮೇಲೆ ಮುಚ್ಚಳದೊಳಗಿನ ದ್ರಾವಣ ಕೆಳಗಿಳಿಯುವಂತೆ ಗಟ್ಟಿಯಾಗಿ ಒತ್ತಿ ಐದಾರು ಸೆಕೆಂಡು ಅಲುಗಾಡಿಸಿ. ಎಂಜಲು ಕೆಡದಂತೆ ಕಾಯುವುದು ಈ ದ್ರಾವಣವೇ. ಅದು ಸರಿಯಾಗಿ ಬೆರೆತಿದ್ದರೆ ಜುಲೈ ತಿಂಗಳ ಮಳೆಗೆ ರಸ್ತೆ ಮುಚ್ಚಿ ಕೊರಿಯರ್ ವಾರ ತಡವಾದರೂ ಚಿಂತೆಯಿಲ್ಲ, ಫ್ರಿಜ್ ಬೇಡ. ನಮ್ಮ ಮಳೆಗಾಲದಲ್ಲಿ ಕೆಡುವುದು ಬಾರ್‌ಕೋಡ್ ಚೀಟಿ. ಥಂಡಿಗೆ ಅಂಟು ಬಿಟ್ಟು ಕಳಚಿದರೆ ಮಾದರಿ ಯಾರದೆಂದು ಲ್ಯಾಬಿಗೆ ಗೊತ್ತಾಗುವುದಿಲ್ಲ. ಚೀಟಿಯ ಮೇಲೆ ಪಾರದರ್ಶಕ ಟೇಪು ಸುತ್ತಿ, ಅದರ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳಿ.

ಲ್ಯಾಬಿನಲ್ಲಿ ಆಗುವುದನ್ನು ತಿಳಿದರೆ ವರದಿಯನ್ನು ಎಷ್ಟು ನಂಬಬೇಕೆಂದು ಗೊತ್ತಾಗುತ್ತದೆ. ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಬರಹ. ಚಿಪ್ ಅದನ್ನು ಪೂರ್ತಿ ಓದುವುದಿಲ್ಲ. ಜನರಲ್ಲಿ ವ್ಯತ್ಯಾಸ ಕಾಣುವ ಆರೇಳು ಲಕ್ಷ ಜಾಗಗಳನ್ನಷ್ಟೇ ಇಣುಕಿ ನೋಡುತ್ತದೆ, ಅಂದರೆ ನಾಲ್ಕೈದು ಸಾವಿರ ಅಕ್ಷರಕ್ಕೆ ಒಂದು. ಹೆಚ್ಚು ಜನರಲ್ಲಿ ಇರುವ ವ್ಯತ್ಯಾಸಗಳನ್ನು ಇದು ಚೆನ್ನಾಗಿ ಓದುತ್ತದೆ, ಅಪರೂಪದವನ್ನು ತಪ್ಪಾಗಿ ಓದುವುದುಂಟು. ಗ್ರಾಹಕರು ಇಂಥ ಕಿಟ್‌ಗಳ ಕಚ್ಚಾ ಫೈಲಿನಲ್ಲಿ (ಚಿಪ್ ಓದಿದ್ದೆಲ್ಲದರ ಪಟ್ಟಿ) ಕಂಡು ತಂದ ರೋಗದ ಜೀನ್‌ಗಳನ್ನು ಅಮೆರಿಕದ ಒಂದು ಲ್ಯಾಬ್ ಮರುಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿತು, ಶೇ 40ರಷ್ಟು ಸುಳ್ಳು ಎಂದು ಗೊತ್ತಾಯಿತು. ಕಿಟ್ ನೋಡಿ ಯಾವ ಚಿಕಿತ್ಸೆಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ವಂಶಮೂಲದ ಪುಟ ನೋಡಲು ಚೆಂದ. ಆದರೆ ಶೇಕಡಾವಾರು ಲೆಕ್ಕ ಹುಟ್ಟುವುದು ಹೋಲಿಕೆಯಿಂದ. ಕಂಪನಿಯ ಬಳಿ ಈಗಾಗಲೇ ಇರುವ ಮಾದರಿಗಳಲ್ಲಿ ನೀವು ಯಾರಿಗೆ ಹತ್ತಿರ ಎಂದಷ್ಟೇ ಅದು ಹೇಳುತ್ತದೆ. ಆ ರಾಶಿಯಲ್ಲಿ ಕೊಡವರು, ಅರೆಭಾಷೆ ಗೌಡರು, ಯರವರು, ಕುಡಿಯರು ಇಲ್ಲದಿದ್ದರೆ ಎಲ್ಲರಿಗೂ 'ದಕ್ಷಿಣ ಭಾರತ' ಎಂಬ ಒಂದೇ ಹಣೆಪಟ್ಟಿ ಬೀಳುತ್ತದೆ. ಪಶ್ಚಿಮ ಏಷ್ಯಾದ್ದು ಎಂದು ಶೇ 2 ಕಂಡರೆ ಅದನ್ನು ಅರಬ್ಬಿ ಅಜ್ಜ ಎಂದು ಓದಬೇಡಿ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಹೆಚ್ಚುಕಡಿಮೆ ಎಲ್ಲ ಸಮುದಾಯಗಳೂ ಬೆರೆತಿವೆ, ಆಮೇಲೆ ತಂತಮ್ಮೊಳಗೇ ಮದುವೆಯಾಗುತ್ತ ಬಂದಿವೆ. ಹಳೆಯ ಆ ಬೆರಕೆಯೇ ವರದಿಯಲ್ಲಿ ಹಾಗೆ ಕಾಣಬಹುದು.

ಗಂಡಸರ ವೈ ಕ್ರೋಮೋಸೋಮಿನ ಪುಟದ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ವೈ ತಂದೆಯಿಂದ ಮಗನಿಗೆ ಇಳಿಯುತ್ತದೆ, ಹಾಗಾಗಿ ಒಂದೇ ಒಕ್ಕದ, ಅಂದರೆ ತಂದೆಯ ಕಡೆಯ ಮನೆತನದ, ಗಂಡಸರಿಗೆಲ್ಲ ಅದು ಒಂದೇ ಇರಬೇಕೆಂದು ಜನ ಅಂದುಕೊಳ್ಳುತ್ತಾರೆ. ಗಂಡು ಸಂತಾನವಿಲ್ಲದ ಒಕ್ಕಕ್ಕೆ ಅಳಿಯ ಬಂದು, ಮಕ್ಕಳು ತಾಯಿಯ ಒಕ್ಕದ ಹೆಸರನ್ನೇ ಮುಂದುವರಿಸುವ ಪದ್ಧತಿ ಕೊಡವರಲ್ಲಿ ಇತ್ತು. ಆರು ತಲೆಮಾರಿನ ಹಿಂದೆ ಒಮ್ಮೆ ಹಾಗಾಗಿದ್ದರೂ ಅಣ್ಣತಮ್ಮಂದಿರ ವರಸೆಯ ಎರಡು ಮನೆಗಳ ವೈ ಬೇರೆಯಾಗುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆಯ ಹಿರಿಯರನ್ನು ಕೇಳದೆ ಇಂಥ ವರದಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ.

ಮಾಹಿತಿಯ ಭದ್ರತೆಯ ವಿಷಯವೂ ಹಾಗೆಯೇ. ಒಡಹುಟ್ಟಿದವರ ಡಿಎನ್‌ಎ ಅರ್ಧದಷ್ಟು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳದ್ದು ಎಂಟರಲ್ಲಿ ಒಂದು ಪಾಲು ಹಂಚಿಕೆಯಾಗಿರುತ್ತದೆ. ನೀವು ಕಳಿಸುವಾಗ ಅವರದ್ದನ್ನೂ ಕಳಿಸಿದಂತೆ. ಈ ವ್ಯಾಪಾರದ ದೊಡ್ಡ ಹೆಸರಾದ ಅಮೆರಿಕದ 23ಆ್ಯಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ವರದಿ ಬಂದ ಕೂಡಲೇ ಕಚ್ಚಾ ಫೈಲ್ ಇಳಿಸಿಕೊಂಡು ಖಾತೆ ಅಳಿಸಲು ಹೇಳಿ, ಉಳಿದ ಎಂಜಲನ್ನು ನಾಶ ಮಾಡಲು ಬೇರೆಯಾಗಿ ಬರೆದು ಕೇಳಿ. ಎರಡೂ ಬೇರೆ ಬೇರೆ ಕೋರಿಕೆಗಳು.

ಇನ್ನು ಮಕ್ಕಳ ನಾಳೆಯ ಪುಟ. ಎತ್ತರ, ಬುದ್ಧಿಶಕ್ತಿ, ಸಕ್ಕರೆ ಕಾಯಿಲೆ ಇವೆಲ್ಲ ಸಾವಿರಾರು ಜೀನ್‌ಗಳ ಸಣ್ಣ ಸಣ್ಣ ಪರಿಣಾಮ ಕೂಡಿ, ಊಟ ಪಾಠ ಪರಿಸರ ಸೇರಿ ಆಗುವಂಥವು. ಕಿಟ್ ಆ ಸಣ್ಣ ಪರಿಣಾಮಗಳನ್ನು ಕೂಡಿಸಿ ಒಂದು ಅಂಕ ಕೊಡುತ್ತದೆ. ಅಂಕದ ಸೂತ್ರ ಬಹುಪಾಲು ಯುರೋಪ್ ಮೂಲದವರ ಮಾಹಿತಿಯಿಂದ ಮಾಡಿದ್ದು. ಅದೇ ಸೂತ್ರವನ್ನು ದಕ್ಷಿಣ ಏಷ್ಯಾದವರಿಗೆ ಹಚ್ಚಿದಾಗ ನಿಖರತೆ ಸರಾಸರಿ ಶೇ 37ರಷ್ಟು ಕುಸಿಯುತ್ತದೆಂದು 2019ರ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಮತ್ತೊಂದು ತಂಡ, ಬಹಳ ಮಕ್ಕಳಿದ್ದ 28 ಕುಟುಂಬಗಳಲ್ಲಿ ಎತ್ತರದ ಅಂಕ ಹಾಕಿ ನೋಡಿತು. ಅತಿ ಹೆಚ್ಚು ಅಂಕದ ಮಗುವೇ ಬೆಳೆದು ಮನೆಯಲ್ಲಿ ಎಲ್ಲರಿಗಿಂತ ಎತ್ತರವಾದದ್ದು 7 ಕುಟುಂಬಗಳಲ್ಲಿ ಮಾತ್ರ. ಎತ್ತರದ ಗತಿಯೇ ಹೀಗಿರುವಾಗ ಜಾಣತನದ ಅಂಕಕ್ಕೆ ದುಡ್ಡು ಕೊಡುವುದು ಶುದ್ಧ ನಷ್ಟ. ಭವಿಷ್ಯದ ಮನುಷ್ಯನನ್ನು ಇಂಥ ಅಂಕ ನೋಡಿ ಆರಿಸಿಕೊಳ್ಳಬಹುದೆಂಬ ಮಾತಿಗೆ ಸದ್ಯಕ್ಕೆ ಇಷ್ಟೇ ಬಲ.

ಒಂದೇ ಅಕ್ಷರದ ಬದಲಾವಣೆಯಿಂದ ಬರುವ ಕಾಯಿಲೆಗಳ ವಿಷಯ ಬೇರೆ. ಅಲ್ಲಿ ಮುಂದಿನ ಪೀಳಿಗೆಯ ಬಗ್ಗೆ ಖಚಿತವಾಗಿ ಹೇಳಬಹುದು. ಸಿಕಲ್ ಸೆಲ್ ಅಂಥದ್ದು. ಹಿಮೋಗ್ಲೋಬಿನ್ ಜೀನಿನ ಒಂದು ಅಕ್ಷರ ಬದಲಾಗಿ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಬದಲಾದ ಈ ಪ್ರತಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಮನುಷ್ಯ ವಾಹಕ, ಆರೋಗ್ಯವಾಗಿಯೇ ಇರುತ್ತಾನೆ, ತೀವ್ರ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ. ಮಲೇರಿಯಾ ಇದ್ದ ಕಾಡಂಚಿನ ಜನರಲ್ಲಿ ಈ ಜೀನ್ ಉಳಿದು ಬೆಳೆದದ್ದು ಅದಕ್ಕೇ. ಕೊಡಗಿನ ಜೇನುಕುರುಬ, ಯರವ ಹಾಡಿಗಳಲ್ಲಿ ಇದು ಇದೆ. ಇನ್ನೊಂದು ರಕ್ತದ ಕಾಯಿಲೆಯಾದ ಥಲಸ್ಸೇಮಿಯಾದ ವಾಹಕರು ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು.

ಪ್ರಕೃತಿಗೇ ಬಿಟ್ಟರೆ ಸಿಕಲ್ ಜೀನ್ ಕಡಿಮೆಯಾಗುವುದು ಎಷ್ಟು ನಿಧಾನ ನೋಡಿ. ಒಂದು ಸಮುದಾಯದಲ್ಲಿ ಈ ಜೀನಿನ ನೂರು ಪ್ರತಿಗಳಲ್ಲಿ ಹತ್ತು ಸಿಕಲ್ ಎಂದಿಟ್ಟುಕೊಳ್ಳಿ. ಮಲೇರಿಯಾ ಪೂರ್ತಿ ಹೋಗಿದೆ, ಎರಡೂ ಪ್ರತಿ ಸಿಕ್ಕ ಮಕ್ಕಳಲ್ಲಿ ಒಬ್ಬರೂ ದೊಡ್ಡವರಾಗಿ ಸಂಸಾರ ಮಾಡುವುದಿಲ್ಲ ಎಂಬ ಕ್ರೂರ ಲೆಕ್ಕ ಹಿಡಿದರೂ, ಹತ್ತು ಐದಕ್ಕಿಳಿಯಲು ಹತ್ತು ತಲೆಮಾರು ಬೇಕು, ಸುಮಾರು 250 ವರ್ಷ. ಅಷ್ಟು ಮಕ್ಕಳ ನೋವು ತಪ್ಪಿಸಲು ಸಮಾಜದ ಕೈಲಿರುವುದು ಒಂದು ರಕ್ತಪರೀಕ್ಷೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದ ಗುರಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ.

ಹಾಡಿಗೆ ಬರುವ ತಂಡ ಮೊದಲು ಮಾಡುವ ದ್ರಾವಣ ಪರೀಕ್ಷೆಯಲ್ಲಿ ಬೆರಳಿನ ರಕ್ತವನ್ನು ಔಷಧದ ನೀರಿಗೆ ಹಾಕಿ, ಕೊಳವೆಯ ಹಿಂದೆ ಕಪ್ಪುಗೆರೆಯ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಸರಿ, ಮಸುಕಾಗಿ ಕಾಣದಿದ್ದರೆ ಸಿಕಲ್ ಇದೆ ಎಂದು ಅರ್ಥ. ವಾಹಕರೋ ರೋಗಿಯೋ ಎಂದು ಇದು ಹೇಳುವುದಿಲ್ಲ. ರಕ್ತ ತೀರಾ ಕಡಿಮೆ ಇದ್ದವರಲ್ಲಿ ತಪ್ಪುತ್ತದೆ, ಆರು ತಿಂಗಳೊಳಗಿನ ಕೂಸುಗಳಿಗೆ ನಡೆಯುವುದಿಲ್ಲ. ಖಚಿತಪಡಿಸುವುದು ರಕ್ತದಲ್ಲಿನ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ. ನೇರಳೆ ಮುಚ್ಚಳದ ಕೊಳವೆಗೆ 2 ಮಿಲಿ ರಕ್ತ ಸಾಕು, ಹೊಟ್ಟೆ ಖಾಲಿ ಇರಬೇಕಾಗಿಲ್ಲ, ಸಿಕಲ್ ಮತ್ತು ಥಲಸ್ಸೇಮಿಯಾ ಎರಡೂ ಒಂದೇ ಸಲ ಗೊತ್ತಾಗುತ್ತವೆ. ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ದಾನಿಯ ರಕ್ತ ಬೆರೆತು ಫಲಿತಾಂಶ ಕೆಡುತ್ತದೆ. ಹಿಮೋಗ್ಲೋಬಿನ್ ಎ2 ಶೇ 3.5 ದಾಟಿದರೆ ಥಲಸ್ಸೇಮಿಯಾ ವಾಹಕ ಎಂಬ ಶಂಕೆ ಬರುತ್ತದೆ, ಆದರೆ ಕಬ್ಬಿಣಾಂಶದ ಕೊರತೆ ಈ ಅಂಕಿಯನ್ನು ಕೆಳಗೆಳೆದು ವಾಹಕರನ್ನು ಮರೆಮಾಚಬಲ್ಲದು. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆ ಇದ್ದು ಎ2 ಸರಿ ಎಂದು ಬಂದರೆ, ಕಬ್ಬಿಣದ ಮಾತ್ರೆಯ ಕೋರ್ಸು ಮುಗಿಸಿ ಮತ್ತೆ ಮಾಡಿಸಬೇಕು.

ಗಂಡು ಹೆಣ್ಣು ಇಬ್ಬರಲ್ಲಿ ಒಬ್ಬರೇ ವಾಹಕರಾದರೆ ಹೆದರುವಂಥದ್ದಿಲ್ಲ. ಇಬ್ಬರೂ ಆದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿದ್ದರೂ ಎರಡನೆಯದಕ್ಕೆ ಲೆಕ್ಕ ಮತ್ತೆ ಹೊಸದಾಗಿ ಶುರು. ಮದುವೆ ಮುರಿಯಬೇಕಾಗಿಲ್ಲ, ಬಸಿರಾದ 11ರಿಂದ 14 ವಾರಗಳ ನಡುವೆ ಮಾಸಿನ ಚೂರು ತೆಗೆದು ಭ್ರೂಣಕ್ಕೆ ಕಾಯಿಲೆ ಇದೆಯೇ ಎಂದು ನೋಡಬಹುದು. ಆ ಟೆಸ್ಟ್ ಮಾಡಲು ದಂಪತಿಗಳಿಬ್ಬರ ಜೀನ್ ಬದಲಾವಣೆ ಯಾವುದೆಂದು ಮೊದಲೇ ಗೊತ್ತಿರಬೇಕು. ಬಸಿರು ನಿಂತ ಮೇಲೆ ಎಚ್‌ಪಿಎಲ್‌ಸಿ, ಆಮೇಲೆ ಜೀನ್ ಟೆಸ್ಟ್, ಆಮೇಲೆ ಬೆಂಗಳೂರಿಗೆ ಓಡಾಟ ಎಂದು ಹೊರಟರೆ ಆ ವಾರಗಳು ಕೈತಪ್ಪುತ್ತವೆ. ಮದುವೆ ಮಾತು ಗಟ್ಟಿಯಾಗುವ ಮೊದಲೇ ಇಬ್ಬರ ರಕ್ತವನ್ನೂ ಕೊಟ್ಟುಬಿಡಿ.