ಒಂದೇ ಇಂಜಿನ್, ಎರಡು ಎತ್ತರ: ಮಲೆನಾಡಿನ ರಸ್ತೆಗೆ ಐ20 ಎನ್ ಲೈನ್ ಸರಿಯೋ, ವೆನ್ಯೂ ಸರಿಯೋ?

ಶಿವಮೊಗ್ಗದಲ್ಲಿ ಕಾರು ತಗೋಬೇಕು ಅಂತ ಬಾಯಿ ಬಿಟ್ಟರೆ ಸಾಕು, ಸಲಹೆ ಕೇಳದೆಯೇ ಬರುತ್ತದೆ. 'ನಮ್ಮ ಕಡೆ ರಸ್ತೆಗೆ ಎಸ್‌ಯುವಿನೇ ಸರಿ ಮಾರಾಯ್ರೇ.' ಹೀಗೆ ಹೇಳುವವರಲ್ಲಿ ಅರ್ಧ ಜನ ಊರೊಳಗೇ ಗೋಪಾಳದಿಂದ ದುರ್ಗಿಗುಡಿಗೆ ಹೋಗಿ ಬರುವುದು ಬಿಟ್ಟರೆ ಬೇರೆಲ್ಲೂ ಗಾಡಿ ಓಡಿಸುವವರಲ್ಲ. ಆದರೂ ಮಾತು ಪೂರ್ತಿ ಸುಳ್ಳೂ ಅಲ್ಲ.

ನನ್ನದು ಹ್ಯುಂಡೈ ಐ20 ಎನ್ ಲೈನ್, ಅಂದರೆ ಐ20 ಹ್ಯಾಚ್‌ಬ್ಯಾಕ್‌ನ ಸ್ಪೋರ್ಟಿ ರೂಪ. ಭಾವನದು ಅದೇ ಕಂಪನಿಯ ಸಣ್ಣ ಎಸ್‌ಯುವಿ, ವೆನ್ಯೂ ಟರ್ಬೊ. ಕಳೆದ ಮಳೆಗಾಲದಲ್ಲಿ ಅವರಿಗೆ ಬೆಂಗಳೂರಿನ ಓಡಾಟ ಜಾಸ್ತಿ ಇತ್ತು, ನನಗೆ ತೀರ್ಥಹಳ್ಳಿ ಕಡೆಯ ತೋಟದ ಓಡಾಟ. ಗಾಡಿ ಅದಲುಬದಲು ಮಾಡಿಕೊಂಡೆವು. (2025ರ ನವೆಂಬರ್‌ನಲ್ಲಿ ಹೊಸ ವೆನ್ಯೂ ಬಂದಿದೆ. ಭಾವನದು ಅದರ ಹಿಂದಿನ ತಲೆಮಾರಿನದು.)

ಹೋಲಿಸಲು ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ. ಎರಡರಲ್ಲೂ ಇರುವುದು ಅದೇ 1 ಲೀಟರ್, ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಇಂಜಿನ್. ಎರಡಕ್ಕೂ 120 ಪಿಎಸ್ ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್. ನಮ್ಮೆರಡೂ ಗಾಡಿಗಳಲ್ಲಿ ಏಳು ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಉದ್ದವೂ ಒಂದೇ, 3,995 ಮಿ.ಮೀ. ಇದೇನು ಕಾಕತಾಳೀಯ ಅಲ್ಲ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಇಂಜಿನ್ ಕಾರುಗಳಿಗೆ ತೆರಿಗೆ ಇಳಿಸಿದ ಮೇಲೆ ಎಲ್ಲ ಕಂಪನಿಗಳೂ ಆ ಗೆರೆಯೊಳಗೇ ಗಾಡಿ ಕೂರಿಸಲು ಶುರು ಮಾಡಿದವು. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಕಾರುಗಳಿಗೆಲ್ಲ 18% ಜಿಎಸ್‌ಟಿ. ಅಂದರೆ ಸರ್ಕಾರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ನಿಜವಾದ ವ್ಯತ್ಯಾಸ ಇರುವುದು ಎತ್ತರದಲ್ಲಿ: ಐ20 1,505 ಮಿ.ಮೀ, ವೆನ್ಯೂ 1,617 ಮಿ.ಮೀ.

ಮೊದಲು ಘಾಟಿಯ ವಿಷಯ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಅದೂ ಇಕ್ಕಟ್ಟಾದವು. ಇಲ್ಲಿ ಐ20 ಮುಂದೆ ವೆನ್ಯೂಗೆ ಮಾತೇ ಇಲ್ಲ. ಸ್ಟೇರಿಂಗ್ ತಿರುಗಿಸಿದಷ್ಟೇ ಗಾಡಿ ತಿರುಗುತ್ತದೆ, ಮೈ ವಾಲುವುದಿಲ್ಲ. ಎನ್ ಲೈನ್‌ನ ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಬಿಗಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಸೋಮೇಶ್ವರದ ಕಡೆ ಇಳಿಯುವಾಗ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡನೇ ಗೇರಿಗೆ ತಂದುಬಿಟ್ಟರೆ ಬ್ರೇಕ್ ತುಳಿಯುವ ಕೆಲಸವೇ ಕಮ್ಮಿ. ವೆನ್ಯೂವಿನಲ್ಲೂ ಇದನ್ನೆಲ್ಲ ಮಾಡಬಹುದು. ಆದರೆ ತಿರುವಿನಲ್ಲಿ ನಾವು ಒಂದು ಕಡೆ, ತಲೆ ಇನ್ನೊಂದು ಕಡೆ. ಹಿಂದೆ ಕೂತವರಿಗೆ ಇದು ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವ ನನ್ನ ಮಗಳು ಐ20ಯಲ್ಲಿ ಹೆಬ್ರಿ ತನಕ ನಿದ್ದೆ ಮಾಡುತ್ತಾಳೆ. ಭಾವನ ಗಾಡಿಯಲ್ಲಿ ನಾಲ್ಕನೇ ತಿರುವಿಗೇ ಪ್ಲಾಸ್ಟಿಕ್ ಕವರ್ ಕೇಳಿದಳು.

ಹತ್ತುವಾಗ ಎರಡೂ ಗಾಡಿಯ ಕಷ್ಟ ಒಂದೇ. ಟರ್ಬೊ ಎಳೆತ ಸರಿಯಾಗಿ ಸಿಗುವುದು 1,500 ಆರ್‌ಪಿಎಂ ದಾಟಿದ ಮೇಲೆ. ಹೇರ್‌ಪಿನ್‌ನಲ್ಲಿ ಎದುರಿಗೆ ಬಸ್ ಬಂದು ನಿಂತು ಹೊರಡಬೇಕಾದರೆ ಒಂದು ಕ್ಷಣ ಗಾಡಿ ಯೋಚನೆ ಮಾಡಿ ಹೊರಡುತ್ತದೆ. ಈ ಡಿಸಿಟಿಯಲ್ಲಿರುವುದು ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿರುವುದಲ್ಲ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿದು ನಿಲ್ಲಿಸಿಕೊಂಡರೆ ಕ್ಲಚ್ ಬಿಸಿಯಾಗುತ್ತದೆ. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ, ಬ್ರೇಕ್ ಒತ್ತಿ ಕಾದು ಆಮೇಲೆ ಒಂದೇ ಸಲಕ್ಕೆ ಹೊರಡಿ.

ಹಾಗಾದರೆ ಐ20 ಗೆದ್ದಿತಲ್ವಾ? ಘಾಟಿಯ ಮಟ್ಟಿಗೆ ಹೌದು. ಆದರೆ ದಿನಾ ಯಾರು ಆಗುಂಬೆ ಇಳಿಯುತ್ತಾರೆ?

ದಿನಾ ಸಿಗುವುದು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದರೆ ಯಾವ ಕಾರೂ ತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಾಕಿರುವುದು ಬೇರೆಯೇ. ಉಳಿದ ಡಾಂಬರನ್ನು ಅಡ್ಡಕ್ಕೆ ಸುರಿದು ರೋಲರ್ ಹತ್ತಿಸದೆ ಬಿಟ್ಟ ಹಾಗಿರುತ್ತದೆ. ಅಗಲ ಕಮ್ಮಿ, ತಲೆ ಚೂಪು. ಇದರ ಮೇಲೆ ತುಂಬಿದ ಐ20 ಹತ್ತಿಸಿದರೆ ಮುಂದಿನ ಚಕ್ರ ಇಳಿದ ಮೇಲೆ ಹೊಟ್ಟೆಯ ಕೆಳಗೆ 'ಕರ್ರ್' ಅನ್ನುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಒಂದೇ ಇದಕ್ಕೆ ಕಾರಣ ಅಲ್ಲ. ಐ20ಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,580 ಮಿ.ಮೀ, ವೆನ್ಯೂಗೆ 2,500. ಐ20 ಉದ್ದ ಹೊಟ್ಟೆಯ ಗಾಡಿ, ಅದೂ ತಗ್ಗಿನಲ್ಲಿ. ನಾನು ಹಂಪ್ ಕಂಡರೆ ಓರೆಯಾಗಿ ಹತ್ತಿಸುತ್ತೇನೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ವೆನ್ಯೂವಿನಲ್ಲಿ ಈ ಸರ್ಕಸ್ ಬೇಕಾಗಲಿಲ್ಲ.

ಅದಕ್ಕಿಂತ ದೊಡ್ಡ ಕಾಟ ಸೈಡ್ ಕೊಡುವುದು. ನಮ್ಮ ಒಳರಸ್ತೆಗಳು ಒಂದೂವರೆ ಗಾಡಿ ಅಗಲ. ಎದುರಿಗೆ ಬಸ್ ಬಂತು ಅಂದರೆ ಎಡಗಡೆ ಚಕ್ರ ಡಾಂಬರಿನಿಂದ ಕೆಳಗಿಳಿಯಲೇಬೇಕು. ಮಳೆಗೆ ಪಕ್ಕದ ಮಣ್ಣು ಕೊಚ್ಚಿ ಹೋಗಿ ಡಾಂಬರಿನ ಅಂಚು ಮೆಟ್ಟಿಲಿನಂತೆ ನಿಂತಿರುತ್ತದೆ, ಅದರ ಮೇಲೆ ಹುಲ್ಲು ಬೇರೆ ಮುಚ್ಚಿರುತ್ತದೆ. ಎನ್ ಲೈನ್‌ನ ಟೈರ್ 195/55 ಆರ್16. ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ 195ರ 55%, ಹೆಚ್ಚು ಕಡಿಮೆ 107 ಮಿ.ಮೀ. ವೆನ್ಯೂವಿನದು 215/60 ಆರ್16, ಅಂದರೆ 129 ಮಿ.ಮೀ. ಎರಡು ಬೆರಳಿನಷ್ಟೂ ಇಲ್ಲದ ಈ ವ್ಯತ್ಯಾಸ ಅಂಚಿನಿಂದ ಇಳಿದು ಮತ್ತೆ ಹತ್ತುವಾಗ ಬೆನ್ನಿಗೇ ಗೊತ್ತಾಗುತ್ತದೆ. ಜೊತೆಗೆ ವೆನ್ಯೂವಿನಲ್ಲಿ ಎತ್ತರಕ್ಕೆ ಕೂತಿರುವುದರಿಂದ ಅಂಚು ಎಲ್ಲಿ ಮುಗಿಯುತ್ತದೆ, ಚರಂಡಿ ಎಲ್ಲಿ ಶುರು ಅಂತ ಕಾಣುತ್ತದೆ. ಐ20ಯಲ್ಲಿ ಅಂದಾಜು.

ಇನ್ನು ತೋಟದ ದಾರಿ. ಇಲ್ಲಿ ಎಸ್‌ಯುವಿ ಅನ್ನುವ ಹೆಸರು ನಂಬಿಕೊಂಡು ಮೋಸ ಹೋಗಬೇಡಿ. ವೆನ್ಯೂಗೂ ಎಂಜಿನ್ ಬಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ, ಐ20ಯ ಹಾಗೆಯೇ. ಕೆಂಪು ಮಣ್ಣಿನ ಏರಿನಲ್ಲಿ, ಒಂದು ವಾರ ಮಳೆ ಬಿದ್ದ ಮೇಲೆ, ಎರಡೂ ಒಂದೇ ಜಾಗದಲ್ಲಿ ಚಕ್ರ ಸುತ್ತುತ್ತಾ ನಿಂತವು. ವೆನ್ಯೂವಿನ ಅನುಕೂಲ ಒಂದೇ: ಟ್ರ್ಯಾಕ್ಟರ್ ಓಡಾಡಿ ಮಾಡಿದ ಗಾಲಿ ಹಳ್ಳದ ನಡುವಿನ ದಿಬ್ಬ ಅದರ ಹೊಟ್ಟೆಗೆ ತಾಗುವುದಿಲ್ಲ. ಆ ಏರು ಹತ್ತಲೇಬೇಕು ಅಂತಿದ್ದರೆ ಫೋರ್ ವೀಲ್ ಜೀಪೇ ಆಗಬೇಕು. ಇಲ್ಲದಿದ್ದರೆ ನನ್ನಂತೆ ದಣಪೆ (ಬೇಲಿಯ ಗೇಟು) ಹತ್ತಿರ ಗಾಡಿ ಬಿಟ್ಟು ಉಂಬಳ (ಜಿಗಣೆ) ಕಚ್ಚಿಸಿಕೊಂಡು ನಡೆಯಿರಿ.

ಹಿಂದೊಮ್ಮೆ ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಗಾಡಿ ಹತ್ತಿಸುವಾಗ ತಗ್ಗಿನ ಕಾರಿನ ಬಂಪರ್ ಏನಾಗುತ್ತದೋ ಅಂತ ಉಸಿರು ಬಿಗಿ ಹಿಡಿಯುತ್ತಿದ್ದರು. 2025ರ ಜುಲೈ 14ರಂದು ಅಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎಸ್‌ಯುವಿ ಬೇಕು ಅನ್ನಲು ಒಂದು ನೆಪ ಕಮ್ಮಿಯಾಯಿತು.

ಮನೆಯವರ ತೀರ್ಪು ಬೇರೆ. ಅಮ್ಮನಿಗೆ ಮಂಡಿ ನೋವು. ಐ20ಯಿಂದ ಇಳಿಯುವಾಗ ಬಾಗಿಲು ಹಿಡಿದು, ನನ್ನ ಕೈ ಹಿಡಿದು, 'ಇದರಲ್ಲಿ ಕೂರೋದು ಸುಲಭ, ಏಳೋದೇ ಕಷ್ಟ ಮಾರಾಯ' ಅನ್ನುತ್ತಾರೆ. ವೆನ್ಯೂವಿನಲ್ಲಿ ಸೀಟು ಸೊಂಟದ ಮಟ್ಟಕ್ಕೇ ಇದೆ, ಸುಮ್ನೆ ಪಕ್ಕಕ್ಕೆ ಸರಿದರೆ ಕಾಲು ನೆಲಕ್ಕೆ. ಕಾಲು ಚಾಚಲು ಮಾತ್ರ ಐ20ಯಲ್ಲೇ ಜಾಗ ಜಾಸ್ತಿ, ಇದನ್ನು ಯಾರೂ ನಂಬುವುದಿಲ್ಲ. ಚಕ್ರಗಳ ನಡುವಿನ ಅಂತರ ಉದ್ದ ಇರುವುದರ ಲಾಭ ಅದು. ಆದರೆ ಒಳಗೆಲ್ಲ ಕಪ್ಪು, ಮಳೆಗಾಲದ ಮಧ್ಯಾಹ್ನವೂ ಹಿಂದಿನ ಸೀಟಿನಲ್ಲಿ ಸಂಜೆ. ಡಿಕ್ಕಿ ಐ20ಗೆ 311 ಲೀಟರ್, ವೆನ್ಯೂಗೆ 350. ದೊಡ್ಡ ಹಲಸಿನ ಹಣ್ಣು ಎರಡರಲ್ಲೂ ಹಿಡಿಯುತ್ತದೆ, ವಾಸನೆಯೂ.

ಮೈಲೇಜ್ ಹೆಚ್ಚು ವ್ಯತ್ಯಾಸ ಇಲ್ಲ. ಓಡಿಸುವವರೂ ಒಬ್ಬರೇ, ರಸ್ತೆಯೂ ಒಂದೇ ಆದರೆ ಐ20 ಲೀಟರಿಗೆ ಒಂದು ಕಿಲೋಮೀಟರ್ ಮುಂದೆ. ಗಾಳಿ ಸೀಳುವುದು ಸುಲಭ ಅಲ್ವಾ.

ನನಗೆ ಕೇಳಿದರೆ ತೀರ್ಮಾನ ಆಗುವುದು ಘಾಟಿಯಲ್ಲೂ ಅಲ್ಲ, ಹೆದ್ದಾರಿಯಲ್ಲೂ ಅಲ್ಲ, ಮನೆಗೆ ಹೋಗುವ ಕಡೇ ಫರ್ಲಾಂಗಿನಲ್ಲಿ. ಅದು ಡಾಂಬರು ಅಥವಾ ಕಾಂಕ್ರೀಟ್ ಆಗಿದ್ದರೆ, ಮನೆಯಲ್ಲಿ ಮಂಡಿ ನೋವಿನವರು ಇಲ್ಲದಿದ್ದರೆ, ಕಣ್ಣು ಮುಚ್ಚಿ ಹ್ಯಾಚ್‌ಬ್ಯಾಕ್ ತಗೊಳ್ಳಿ. ಓಡಿಸುವ ಖುಷಿ ವೆನ್ಯೂ ಎಷ್ಟು ಮಾಡಿದರೂ ಕೊಡಲಾರದು. ನಾನು ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ, ತೋಟಕ್ಕೆ ಹೋಗುವುದು ವಾರಕ್ಕೊಮ್ಮೆ. ನನಗೆ ಐ20ಯೇ ಸಾಕು. ತೋಟದಲ್ಲೇ ಇರುವ ಅಣ್ಣನಿಗೆ ಮಾತ್ರ ಇದನ್ನು ತಗೋ ಅಂತ ಹೇಳಲಾರೆ.

ಇನ್ನೊಂದು ಮಾತು. ಶೋರೂಮಿನವರು ಟೆಸ್ಟ್ ಡ್ರೈವ್ ಕೊಡುವುದು ನುಣ್ಣನೆಯ ಡಬಲ್ ರೋಡಿನಲ್ಲಿ, ಒಬ್ಬರನ್ನೇ ಕೂರಿಸಿಕೊಂಡು. ಅಲ್ಲಿ ಎಲ್ಲ ಗಾಡಿಯೂ ಚೆಂದ. ಹಿಂದೆ ಮೂವರನ್ನು ಹತ್ತಿಸಿಕೊಂಡು ನಿಮ್ಮ ಮನೆ ಗೇಟಿನ ತನಕ ತರಬೇಕು ಅಂತ ಹಠ ಹಿಡಿಯಿರಿ, ಸಾಧ್ಯವಾದರೆ ಮಳೆ ಬಂದ ಮಾರನೇ ದಿನ.