ಹಿಂಬದಿ ಕ್ಯಾಮೆರಾ: ತಂತಿಯದ್ದೋ, ತಂತಿಯಿಲ್ಲದ್ದೋ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಹೆಚ್ಚಿನ ಮನೆಗಳಿಗೆ ಕಾರು ತರಬೇಕಾದರೆ ಕೊನೆಗೊಂದು ಚಡಾವು ಹತ್ತಬೇಕು, ಇಲ್ಲವೇ ಇಳಿಯಬೇಕು. ಒಂದು ಬದಿಯಲ್ಲಿ ಮುರಕಲ್ಲಿನ ಬರೆ, ಇನ್ನೊಂದು ಬದಿಯಲ್ಲಿ ತೋಟಕ್ಕೆ ಇಳಿಯುವ ಕಣಿ. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಕಾರು ತಿರುಗಿಸಲು ಜಾಗವಿರುವುದಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಅದೇ ಅಂಗಳದಲ್ಲಿ ಮಕ್ಕಳೂ ಆಡುತ್ತಿರುತ್ತಾರೆ. ನಮ್ಮ ಮನೆಯ ವಾಹನಗಳಿಗೆಲ್ಲ ಹಿಂಬದಿ ಕ್ಯಾಮೆರಾ ಬೇಕೇ ಬೇಕೆಂದು ನಾನು ಹಠ ಹಿಡಿದದ್ದು ಇದೇ ಕಾರಣಕ್ಕೆ. ನನ್ನ ಹ್ಯಾಚ್‌ಬ್ಯಾಕಿಗೆ ತಂತಿಯ ಕ್ಯಾಮೆರಾ, ತಮ್ಮನ ಪಿಕಪ್ಪಿಗೆ ತಂತಿಯಿಲ್ಲದ್ದು, ಮಾವನವರ ಹಳೆಯ ಕಾರಿಗೆ ಮೊದಲು ಮೊಬೈಲಿನಲ್ಲಿ ನೋಡುವ ವೈಫೈ ಕ್ಯಾಮೆರಾ, ಆಮೇಲೆ ಕನ್ನಡಿಯ ಮೇಲೆ ಕೂರುವ ಪರದೆ. ಎಲ್ಲವನ್ನೂ ಮನೆಯಂಗಳದಲ್ಲೇ ನಾನೇ ಜೋಡಿಸಿದೆ.

ಕ್ಯಾಮೆರಾ ಮಾರುವವರು ಚಿತ್ರ ಎಷ್ಟು ಸ್ಪಷ್ಟ ಎಂಬುದನ್ನೇ ಮುಂದಿಡುತ್ತಾರೆ. ನಾನು ಕೇಳುವುದು ಬೇರೆ: ರಿವರ್ಸ್ ಗೇರ್ ಹಾಕಿದ ಎಷ್ಟು ಹೊತ್ತಿಗೆ ಚಿತ್ರ ಮೂಡುತ್ತದೆ, ಮೂಡಿದ ಚಿತ್ರ ಈ ಕ್ಷಣದ್ದೇ ಹೌದೇ? ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುವ ಕಾರು ಸೆಕೆಂಡಿಗೆ ಸುಮಾರು 1.4 ಮೀಟರ್ ಹೋಗುತ್ತದೆ. ಅರ್ಧ ಸೆಕೆಂಡು ಹಳೆಯ ಚಿತ್ರವೆಂದರೆ 70 ಸೆಂಟಿಮೀಟರ್ ಹಿಂದಿನ ಲೋಕ. ಮೂರು ಸೆಕೆಂಡು ತಡವಾಗಿ ಬಂದರೆ ಅಷ್ಟರಲ್ಲಿ ಕಾರು 4 ಮೀಟರ್ ದಾಟಿರುತ್ತದೆ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾದಾಗ ಈ ತಡಕ್ಕೂ ಮಿತಿ ಹಾಕಿದರು: ರಿವರ್ಸ್ ಗೇರ್ ಬಿದ್ದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು, ಕಾರಿನ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು. ಮನೆಯ ಮುಂದೆಯೇ, ತಂದೆ ಹಿಂದಕ್ಕೆ ತೆಗೆಯುತ್ತಿದ್ದ ವಾಹನಕ್ಕೆ ಸಿಕ್ಕಿ ತೀರಿಕೊಂಡ ಎರಡು ವರ್ಷದ ಮಗುವಿನ ಹೆಸರನ್ನು ಆ ಕಾನೂನಿಗೆ ಇಟ್ಟಿದ್ದಾರೆ. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿ ಸೆನ್ಸಾರ್ ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಸೆನ್ಸಾರ್ ಎದುರಿಗಿರುವ ಗೋಡೆಯನ್ನು ಹೇಳುತ್ತದೆ, ಚಕ್ರ ಇಳಿಯಬಹುದಾದ ಕಣಿಯನ್ನು ಹೇಳುವುದಿಲ್ಲ.

ತಡದ ಲೆಕ್ಕದಲ್ಲಿ ತಂತಿಯ ಕ್ಯಾಮೆರಾಕ್ಕೆ ಸಾಟಿಯಿಲ್ಲ. ಗೇರ್ ಹಾಕಿದೊಡನೆ ರಿವರ್ಸ್ ದೀಪಕ್ಕೆ 12 ವೋಲ್ಟ್ ಬರುತ್ತದೆ, ಅದೇ ವಿದ್ಯುತ್ತಿನಿಂದ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ವಿಡಿಯೊ ಕೇಬಲ್ಲಿಗೆ ಅಂಟಿಕೊಂಡಿರುವ ಸಪೂರ ಕೆಂಪು ತಂತಿ ಅದೇ 12 ವೋಲ್ಟನ್ನು ಮುಂದಿನ ಪರದೆಗೆ ಒಯ್ದು, ಹಾಡು ನಿಲ್ಲಿಸಿ ಹಿಂದಿನದನ್ನು ತೋರಿಸು ಎಂದು ಸೂಚಿಸುತ್ತದೆ. ಕ್ಯಾಮೆರಾ ಸಾವಿರ ರೂಪಾಯಿಯ ಒಳಗೂ ಸಿಗುತ್ತದೆ. ಶ್ರಮ ಬೇಕಾಗುವುದು ತಂತಿ ಎಳೆಯುವುದಕ್ಕೆ.

ಡಿಕ್ಕಿಯ ಬಾಗಿಲು ಮತ್ತು ಕಾರಿನ ಮೈಯ ನಡುವೆ ರಬ್ಬರಿನ ಕೊಳವೆಯಿರುತ್ತದೆ. ಕಂಪನಿಯ ತಂತಿಗಳು ಅದರೊಳಗೆ ಒತ್ತೊತ್ತಾಗಿ ಹೋಗಿರುತ್ತವೆ. ನಮ್ಮ ತಂತಿಯೂ ಅದರೊಳಗೇ ಹೋಗಬೇಕು. ಹೊರಗಿನಿಂದ ಹಾಯಿಸಿದರೆ ಬಾಗಿಲು ಮುಚ್ಚುವಾಗಲೆಲ್ಲ ಜಜ್ಜಿ ಒಂದು ಮಳೆಗಾಲ ದಾಟುವುದಿಲ್ಲ. ಗಟ್ಟಿ ಕಟ್ಟುಕಂಬಿಯ ತುದಿಗೆ ಕೇಬಲ್ ಬಿಗಿದು, ಸೋಪಿನ ನೀರು ಸವರಿ ನಿಧಾನಕ್ಕೆ ಎಳೆದರೆ ಬರುತ್ತದೆ. ಅವಸರ ಮಾಡಿದರೆ ರಬ್ಬರ್ ಹರಿಯುತ್ತದೆ. ಅಲ್ಲಿಂದ ಮುಂದೆ ಬಾಗಿಲುಗಳ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯಡಿ ಸಾಗಬೇಕು. ಚಾವಣಿಯ ಅಂಚಿನಲ್ಲಿ ಹಾಯಿಸುವುದು ಸುಲಭವಾಗಿ ಕಂಡರೂ, ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಮಡಚಿಕೊಂಡು ಕೂತಿರುವುದು ಅಲ್ಲಿಯೇ. ಅದು ಬಿಚ್ಚಿಕೊಳ್ಳುವ ದಾರಿಗೆ ತಂತಿ ಅಡ್ಡ ಬರಬಾರದು.

ರಿವರ್ಸ್ ದೀಪದ ತಂತಿ ಯಾವುದೆಂದು ಬಣ್ಣ ನೋಡಿ ಊಹಿಸದೆ ಮಲ್ಟಿಮೀಟರ್ ಹಿಡಿದು ಖಚಿತ ಮಾಡಿಕೊಳ್ಳಬೇಕು. ಇಂಜಿನ್ ಬಂದ್, ಕೀಲಿ ಆನ್, ಹ್ಯಾಂಡ್‌ಬ್ರೇಕ್ ಬಿಗಿದು, ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ಹಾಕಿ ನೋಡಬೇಕು. ಕವಲು ತೆಗೆದಲ್ಲಿ 1 ಆಂಪಿಯರ್ ಫ್ಯೂಸ್ ಸಾಕು. ತಂತಿ ಕತ್ತರಿಸದೆಯೇ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನಾನು ಬಳಸುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ನಮ್ಮೂರಿನಲ್ಲಿ ಅವುಗಳೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹೊದಿಸುವುದೇ ಸರಿ. ಇನ್ನೂ ವಾರಂಟಿಯಲ್ಲಿರುವ ಕಾರಾದರೆ ಕತ್ತರಿ ಹಾಕುವ ಮುನ್ನ ಅದರ ಷರತ್ತು ಓದಿಕೊಳ್ಳಿ. ಕೆಲವು ಹೊಸ ಕಾರುಗಳಲ್ಲಿ ದೀಪಕ್ಕೆ ವಿದ್ಯುತ್ತು ಸಮನಾಗಿ ಹರಿಯದೆ ಮಿಡಿಮಿಡಿದು ಬರುತ್ತದೆ, ಆಗ ಚಿತ್ರ ಮಿನುಗುತ್ತದೆ. ನಡುವೆ ಫಿಲ್ಟರ್ ಅಥವಾ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಬೇಕಾಗುತ್ತದೆ.

ತಮ್ಮನ ಪಿಕಪ್ಪಿನ ಕತೆ ಬೇರೆ. ಅಲ್ಲಿ ಕ್ಯಾಬಿನ್ ಒಂದು ಕಡೆ, ಹಿಂದಿನ ತೊಟ್ಟಿ ಇನ್ನೊಂದು ಕಡೆ. ನಡುವೆ ತಂತಿ ಹೋಗಬೇಕಾದರೆ ಚಾಸಿಯ ಅಡಿಯಲ್ಲೇ, ಕೆಸರು ರಾಚುವಲ್ಲೇ ಹೋಗಬೇಕು. ಹಾಗಾಗಿ ತಂತಿಯಿಲ್ಲದ್ದು ಸೂಕ್ತ ಅನ್ನಿಸಿತು. ಬೆಲೆ ಹೆಚ್ಚು, ಕೆಲಸ ಮಾತ್ರ ಬೇಗ ಮುಗಿಯಿತು. ಆದರೆ ತಂತಿಯೇ ಇರುವುದಿಲ್ಲ ಎಂದು ಯಾರೂ ಭಾವಿಸಬಾರದು. ಹಿಂದೆ ಕ್ಯಾಮೆರಾಕ್ಕೂ ಅದರ ಟ್ರಾನ್ಸ್‌ಮಿಟರಿಗೂ ರಿವರ್ಸ್ ದೀಪದಿಂದ ವಿದ್ಯುತ್ತು ಬೇಕು, ಮುಂದೆ ಪರದೆಗೆ ಸಿಗರೇಟ್ ಲೈಟರಿನ ಸಾಕೆಟ್ ಬೇಕು. ಚಿತ್ರವೊಂದೇ ಗಾಳಿಯಲ್ಲಿ ಬರುವುದು.

ಅದು ಬರುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಮನೆಯ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ಗುಂಪುಗೂಡುತ್ತವೆ. ತೋಟದ ದಾರಿಯಲ್ಲಿ ಚಿತ್ರ ಸರಾಗವಾಗಿ ಬಂದರೂ ಪೇಟೆಯ ಅಂಗಡಿಸಾಲಿನಲ್ಲಿ ತಡವರಿಸುತ್ತಿತ್ತು. ಇಲ್ಲಿ ನನ್ನನ್ನು ಹೆದರಿಸಿದ್ದು ಚಿತ್ರ ಹೋಗುವುದಲ್ಲ, ನಿಂತುಬಿಡುವುದು. ಅನಲಾಗ್ ಕ್ಯಾಮೆರಾದಲ್ಲಿ ಸಂಕೇತ ಕೆಟ್ಟರೆ ಪರದೆಯ ತುಂಬ ಗೆರೆ, ಚುಕ್ಕೆ ಬರುತ್ತವೆ. ಏನೋ ಸರಿಯಿಲ್ಲವೆಂದು ಬ್ರೇಕ್ ಒತ್ತುತ್ತೇವೆ. ಡಿಜಿಟಲ್‌ನಲ್ಲಿ ಕೊನೆಯ ಚಿತ್ರ ಹಾಗೆಯೇ ಸ್ತಬ್ಧವಾಗಿ ಉಳಿಯಬಹುದು. ಖಾಲಿ ಅಂಗಳದ ಸ್ವಚ್ಛ ಚಿತ್ರ ಅದು, ಆದರೆ ಈಗಿನದ್ದಲ್ಲ. ಕ್ಯಾಮೆರಾ ಇಲ್ಲದಿದ್ದರೆ ತಿರುಗಿ ನೋಡುತ್ತಿದ್ದ ಚಾಲಕ ಆ ಚಿತ್ರವನ್ನು ನಂಬಿ ಕಾರು ಹಿಂದಕ್ಕೆ ಬಿಡುತ್ತಾನೆ. ಚಿತ್ರ ನಿಂತರೆ ಪರದೆಯೇ ಆರಿಹೋಗುವ ವ್ಯವಸ್ಥೆಯಿಲ್ಲದ ತಂತಿರಹಿತ ಕ್ಯಾಮೆರಾವನ್ನು ಮಕ್ಕಳಿರುವ ಮನೆಗೆ ನಾನು ಸೂಚಿಸುವುದಿಲ್ಲ.

ವೈಫೈ ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಗೇರ್ ಹಾಕಿದ ಮೇಲೆ ಅದು ಎಚ್ಚರಗೊಂಡು, ಮೊಬೈಲ್ ಅದರ ವೈಫೈಗೆ ಸೇರಿ, ಆ್ಯಪ್ ತೆರೆದು ಚಿತ್ರ ಬರುವಷ್ಟರಲ್ಲಿ ಮಾವನವರು ಗೇಟು ದಾಟಿರುತ್ತಿದ್ದರು. ಕಳಚಿಟ್ಟೆವು.

ಅದರ ಬದಲಿಗೆ ಹಾಕಿದ ಕನ್ನಡಿ ಪರದೆ ಅವರಿಗೆ ಚೆನ್ನಾಗಿ ಒಗ್ಗಿತು. ಇದೂ ತಂತಿಯದ್ದೇ. ಡ್ಯಾಶ್‌ಬೋರ್ಡಿನಲ್ಲಿ ಪರದೆಯಿಲ್ಲದ ಹಳೆಯ ಕಾರಿಗೆ ಹೇಳಿ ಮಾಡಿಸಿದಂತಿದೆ, ಹಿಂದಕ್ಕೆ ಹೋಗುವಾಗ ಕಣ್ಣು ಹೇಗೂ ಕನ್ನಡಿಯತ್ತಲೇ ಹೋಗುತ್ತದಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಮಾತ್ರ ಪರದೆ ಮಂಕಾಗುತ್ತದೆ.

ನಂಬರ್ ಪ್ಲೇಟಿನ ಸುತ್ತ ಚೌಕಟ್ಟಿನಂತೆ ಕೂರುವ ಸೌರಶಕ್ತಿಯ ಕ್ಯಾಮೆರಾವೂ ಮಾರುಕಟ್ಟೆಯಲ್ಲಿದೆ. ಅದನ್ನು ನಾನು ಮುಟ್ಟಲಿಲ್ಲ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಂದಿರುವ ಹೈ ಸೆಕ್ಯುರಿಟಿ ಪ್ಲೇಟನ್ನು ಬಿಚ್ಚಿ ಮರುಬಳಸಲಾಗದ ಲಾಕ್‌ನಿಂದ ಕೂರಿಸಿರುತ್ತಾರೆ, ಅದರ ಮೇಲೆ ಏನನ್ನೂ ಮುಚ್ಚುವಂತೆಯೂ ಇಲ್ಲ. ಪ್ಲೇಟಿನ ಮೇಲ್ಭಾಗದ ದೀಪದ ಗೂಡಿನಲ್ಲೇ ಕೂರುವ ಕ್ಯಾಮೆರಾಗಳು ಸಿಗುತ್ತವೆ. ಮೈಗೆ ತೂತು ಕೊರೆಯಬೇಕಾಗಿಲ್ಲ, ತುಕ್ಕಿನ ಭಯವಿಲ್ಲ, ಮೇಲಿನ ಅಂಚು ಮಳೆಗೆ ಸೂರಾಗುತ್ತದೆ. ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆಂದು ಅರ್ಥ. ಮಳೆಗಾಲದ ಆಟಿ ತಿಂಗಳ ತೇವ ಲೆನ್ಸಿನೊಳಗೆ ಮಂಜು ಕಟ್ಟಿಸುವುದಿಲ್ಲವೆಂಬ ಭರವಸೆ ಅದರಲ್ಲಿಲ್ಲ.

ಜೋಡಿಸಿದ ಮೇಲೆ ಪರದೆಯ ಹಸಿರು, ಹಳದಿ, ಕೆಂಪು ಗೆರೆಗಳನ್ನು ಹಾಗೆಯೇ ನಂಬಬಾರದು. ಅಂಗಳದ ಸಮತಟ್ಟು ಜಾಗದಲ್ಲಿ ಬಂಪರಿನಿಂದ ಅರ್ಧ, ಒಂದು, ಎರಡು ಮೀಟರಿಗೆ ತೆಂಗಿನಕಾಯಿ ಇಟ್ಟು, ಯಾವ ಗೆರೆ ಎಲ್ಲಿಗೆ ಬರುತ್ತದೆಂದು ನೋಡಿಕೊಂಡೆ. ಬಂಪರಿನ ಅಂಚು ಚಿತ್ರದ ಬುಡದಲ್ಲಿ ತುಸು ಕಾಣುವಂತೆ ಕ್ಯಾಮೆರಾ ಬಾಗಿಸಿದೆ. ಆ ಗೆರೆಗಳು ಸಮತಟ್ಟು ನೆಲಕ್ಕೆಂದು ಎಳೆದವು. ಹಿಂದಿನ ನೆಲ ಏರಿದ್ದರೆ ಅಲ್ಲಿರುವ ವಸ್ತು ಪರದೆಯಲ್ಲಿ ಮೇಲೆ ಕಾಣುತ್ತದೆ, ಅಂದರೆ ಇರುವುದಕ್ಕಿಂತ ದೂರದಲ್ಲಿದೆ ಎಂದು ಗೆರೆ ಹೇಳುತ್ತದೆ. ನೆಲ ಇಳಿದಿದ್ದರೆ ಇರುವುದಕ್ಕಿಂತ ಹತ್ತಿರ ತೋರಿಸುತ್ತದೆ. ಹಾಗಾಗಿ ಚಡಾವಿನತ್ತ ಹಿಂದಕ್ಕೆ ಹೋಗುವಾಗ ಹಳದಿ ಗೆರೆ ಮುಟ್ಟುವ ಮೊದಲೇ ನಿಲ್ಲಿಸಿ, ತಿರುಗಿ ನೋಡಿ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.

ಪಿಕಪ್ಪಿಗೂ ಈ ಮಳೆಗಾಲಕ್ಕೆ ಮುನ್ನ ತಂತಿ ಎಳೆಯಲಿದ್ದೇನೆ. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯೊಳಗೆ ಕೇಬಲ್ ಹಾಕಿ, ಸೈಲೆನ್ಸರ್ ಕೊಳವೆಯಿಂದ ದೂರವಾಗಿ ಚಾಸಿಯ ಒಳಬದಿಗೆ ಬಿಗಿದರೆ ಕೆಸರಿಗೂ ಬಿಸಿಗೂ ತಡೆಯುತ್ತದೆ. ತಮ್ಮನೂ ಒಪ್ಪಿದ್ದಾನೆ.